ಸ್ಲೋ ಕುಕ್ಕರ್ ಹಾಟ್ ಚಾಕ್ಲೇಟ್ ಕೆಟ್ಟಿದ್ಯಾ? ಮೊದ್ಲು ಸೌಟು ಹಾಕಿ ತಳ ನೋಡಿ

ಮೊದ್ಲೇ ಹೇಳ್ಬಿಡ್ತೀನಿ, ಇದು ರೆಸಿಪಿ ಅಲ್ಲ. ರೆಸಿಪಿ ಎಲ್ಲರ ಹತ್ರಾನೂ ಇದೆ. ಹಾಲು, ಕ್ರೀಮು, ಚಾಕ್ಲೇಟು, ಕಂಡೆನ್ಸ್ಡ್ ಮಿಲ್ಕು ಎಲ್ಲಾ ಸ್ಲೋ ಕುಕ್ಕರಿಗೆ, ಅಂದ್ರೆ ಕರೆಂಟಲ್ಲಿ ಗಂಟೆಗಟ್ಲೆ ನಿಧಾನಕ್ಕೆ ಬೇಯಿಸೋ ಪಿಂಗಾಣಿ ಪಾತ್ರೆಗೆ, ಸುರಿದು ಮುಚ್ಚಳ ಮುಚ್ಚಿ, ಎರಡು ಗಂಟೆ ಬಿಟ್ಟು ಬನ್ನಿ, ಅಷ್ಟೇ ಅಂತಾರೆ. ಎರಡು ಗಂಟೆ ಆದ್ಮೇಲೆ ಮುಚ್ಚಳ ತೆಗ್ದು ಒಳಗೆ ಇಣುಕಿ "ಅಯ್ಯೋ ಇದೇನಾಯ್ತು" ಅಂತೀವಲ್ಲ, ಅಲ್ಲಿಂದ ಮುಂದಕ್ಕೆ ಏನ್ ಮಾಡೋದು ಅನ್ನೋದು ಇದು.

ನನ್ಗೆ ಆಗಿದ್ದು ಕೇಳಿ. ನಾವಿರೋದು ಅಮೆರಿಕಾದ ಮಿಶಿಗನ್‌ನಲ್ಲಿ, ಡಿಸೆಂಬರ್ ಬಂತು ಅಂದ್ರೆ ಹೊರಗೆ ಹಿಮ, ಮನೆಮನೆಗೂ ಪಾಟ್‌ಲಕ್, ಅಂದ್ರೆ ಒಬ್ಬೊಬ್ರು ಒಂದೊಂದು ಅಡುಗೆ ತರೋ ಊಟ. ಯಾರೋ ಪುಳಿಯೋಗರೆ ಅಂದ್ರು, ಯಾರೋ ಬಿಸಿಬೇಳೆಬಾತು ಅಂದ್ರು, ನಾನು ಧೈರ್ಯವಾಗಿ ಮೂವತ್ತು ಜನಕ್ಕೆ ಹಾಟ್ ಚಾಕ್ಲೇಟ್ ನಂದು ಅಂತ ಒಪ್ಕೊಂಡ್ಬಿಟ್ಟೆ. ಮೊದ್ಲು ಒಂದು ಟ್ರಯಲ್ ನೋಡೋಣ ಅಂತ ಹಿಂದಿನ ವಾರ 6 ಕ್ವಾರ್ಟ್ ಕುಕ್ಕರಿಗೆ, ಅಂದ್ರೆ ಸುಮಾರು 5.7 ಲೀಟರ್ ಹಿಡಿಯೋದಕ್ಕೆ, ಫ್ರಿಜ್ಜಿನ ತಣ್ಣಗಿನ ಹಾಲು ಎರಡು ಲೀಟರ್ ಸುರಿದು, ಚಾಕ್ಲೇಟ್ ಚಿಪ್ಸು ಒಂದು ಪ್ಯಾಕೆಟ್ ಹಾಕಿ, ಕೊಕೊ ಪುಡಿ ಮೇಲಿಂದ ಉದುರಿಸಿ, ನಾಬಲ್ಲಿ ಲೋ, ಹೈ, ವಾರ್ಮ್ ಅಂತ ಇರತ್ತಲ್ಲ, ಅದ್ರಲ್ಲಿ ಹೈನಲ್ಲಿ ಇಟ್ಟು ಮೂರು ಗಂಟೆ ಬಟ್ಟೆ ಮಡಚ್ಕೊಂಡು ಕೂತಿದ್ದೆ. ಮುಚ್ಚಳ ತೆಗ್ದ್ರೆ ಮೇಲೆ ಹಳದಿ ಎಣ್ಣೆ ತೇಲ್ತಿದೆ, ಮಧ್ಯೆ ಕಪ್ಪು ಕಪ್ಪು ಮರಳು, ಸೌಟು ತಳಕ್ಕೆ ಹೋದ್ರೆ ಏನೋ ಚರ್ಮದ ತರ ಎದ್ದು ಬರ್ತಿದೆ. ಮೂರು ಕಾಯಿಲೆ ಒಂದೇ ಪಾತ್ರೇಲಿ.

ನಾನು ಚಾಕ್ಲೇಟ್ ಕಂಪ್ನೀನ ಬೈಕೊಂಡು ನಿಂತಿದ್ದೆ. ಆಗ ಅತ್ತೆ ಊರಿಂದ ಬಂದಿದ್ರು, ಪುತ್ತೂರು ಕಡೆಯವರು. ಬಂದು ಒಂದು ಸಲ ಮೂಸಿ ನೋಡಿದ್ರು, ಸೌಟಲ್ಲಿ ಎತ್ತಿ ನೋಡಿದ್ರು, ಆಮೇಲೆ ಹೇಳಿದ್ರು, "ಚಾಕ್ಲೇಟಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ, ನೀನು ಹಾಲು ಕಾಯಿಸ್ಲಿಕ್ಕೆ ಮರ್ತದ್ದು." ಆ ಮಾತು ನನ್ಗೆ ಸ್ವಲ್ಪ ಚುಚ್ತು ನಿಜ, ಆದ್ರೆ ಯೋಚ್ನೆ ಮಾಡಿದ್ರೆ ಅಷ್ಟೇ ಇರೋದು. ಸ್ಲೋ ಕುಕ್ಕರ್ ಹಾಟ್ ಚಾಕ್ಲೇಟಲ್ಲಿ ನೂರಕ್ಕೆ ತೊಂಬತ್ತು ಪಾಲು ಕೆಡೋದು ಹಾಲು, ಚಾಕ್ಲೇಟಲ್ಲ. ಅದನ್ನ ಚಾಕ್ಲೇಟ್ ಅಂದ್ಕೊಂಡು ರಿಪೇರಿ ಮಾಡಕ್ಕೆ ಹೋದ್ರೆ ಎಲ್ಲಾ ತಪ್ಪು ಜಾಗಕ್ಕೆ ಕೈ ಹಾಕ್ತೀವಿ.

ಈ ಯಂತ್ರ ಹುಟ್ಟಿದ್ದೇ ಹಾಲಿಗಲ್ಲ ಅನ್ನೋದೂ ನೆನಪಿರ್ಲಿ. ಶಿಕಾಗೋದ ಇರ್ವಿಂಗ್ ನ್ಯಾಕ್ಸನ್ ಅನ್ನೋರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ತು. ಅವರಮ್ಮ ಲಿಥುವೇನಿಯಾದಲ್ಲಿ ಸಬ್ಬತ್ತಿಗೆ, ಅಂದ್ರೆ ಯಹೂದಿಗಳ ವಾರದ ವಿಶ್ರಾಂತಿ ದಿನಕ್ಕೆ ಅಂತ, ಶುಕ್ರವಾರ ಸಂಜೆ ಬೇಕರಿ ಒಲೆ ಒಳಗೆ ಇಟ್ಟು ರಾತ್ರಿಯಿಡೀ ಬೇಯಿಸ್ತಿದ್ದ ಕಾಳು-ಮಾಂಸದ ಅಡುಗೆಯ ಕಥೆ ಹೇಳಿದ್ದು, ಅದರಿಂದ ಇವರಿಗೆ ಐಡಿಯಾ ಬಂದಿದ್ದು. ಆಮೇಲೆ ರೈವಲ್ ಅನ್ನೋ ಕಂಪ್ನಿ ಅದನ್ನ ಕೊಂಡು 1971ರಲ್ಲಿ ಕ್ರಾಕ್‌ಪಾಟ್ ಅಂತ ಮಾರಕ್ಕೆ ಶುರು ಮಾಡ್ತು. ಕಾಳಿಗೆ, ಮಾಂಸಕ್ಕೆ ಎಂಟು ಗಂಟೆ ಕೂತ್ರೆ ಒಳ್ಳೇದು. ಹಾಲಿಗೆ ಎಂಟು ಗಂಟೆ ಕೂತ್ರೆ ಖೋವಾ ದಾರಿ.

ಸರಿ, ಪತ್ತೆ ಹಚ್ಚೋದು ಹೇಗೆ.

ಮೊದಲ್ನೇದು, ಸ್ವಿಚ್ ಆಫ್ ಮಾಡಿ. ಕಲಕ್ಬೇಡಿ! ಎಲ್ಲರೂ ಮಾಡೋ ತಪ್ಪೇ ಇದು, ಏನೋ ಸರಿ ಇಲ್ಲ ಅನ್ಸಿದ ತಕ್ಷಣ ವಿಸ್ಕ್ ಹಾಕಿ ಗರಗರ ತಿರುಗ್ಸೋದು. ತಳ ಸೀದಿದ್ರೆ ಆ ಸೀದಿದ್ದೆಲ್ಲಾ ಮೇಲಕ್ಕೆ ಬಂದು ಉಳಿದಿದ್ದೂ ಹೋಯ್ತು. ಮೊದ್ಲು ಮೇಲೆ ಏನಿದೆ ಕಣ್ಣಲ್ಲಿ ನೋಡಿ, ಆಮೇಲೆ ಮಧ್ಯದಿಂದ ಒಂದು ಚಮಚ ತೆಗ್ದು ಬಿಳೀ ತಟ್ಟೆ ಮೇಲೆ ಹಾಕಿ ಓರೆ ಮಾಡಿ ಹರಿಯಕ್ಕೆ ಬಿಡಿ, ಕೊನೆಗೆ ಮರದ ಸೌಟು ಮೆತ್ತಗೆ ತಳಕ್ಕೆ ಇಳಿಸಿ ಒಂದೇ ಒಂದು ಗೆರೆ ಎಳೆದು ನೋಡಿ. ಜಾರ್ತಾ ಹೋದ್ರೆ ತಳ ಚೆನ್ನಾಗಿದೆ. ಅಂಟಂಟಾಗಿ ತಡೆದ್ರೆ ಚಾಕ್ಲೇಟ್ ಕೂತಿದೆ, ಇನ್ನೂ ಉಳಿಸ್ಬಹುದು. ಒರಟಾಗಿ ಗರಗರ ಅಂದ್ರೆ ಸೀದಿದೆ, ಅಲ್ಲಿಗೆ ಸೌಟು ಎತ್ತಿಬಿಡಿ.

ಆ ತಟ್ಟೆ ಮೇಲಿನ ಚಮಚದಲ್ಲಿ ಕಾಳು ಕಾಳಾಗಿ ಏನಾದ್ರೂ ಕಾಣಿಸಿದ್ರೆ ಒಂದನ್ನ ಎರಡು ಬೆರಳ ಮಧ್ಯೆ ಇಟ್ಟು ಉಜ್ಜಿ ನೋಡಿ. ಇದು ನನ್ನ ಪ್ರಕಾರ ಇಡೀ ಕೈಪಿಡೀಲಿ ಅತಿ ಉಪಯೋಗದ ಪರೀಕ್ಷೆ. ಕರಗಿ ಜಿಡ್ಡು ಬಿಟ್ರೆ ಚಾಕ್ಲೇಟ್ ಪೂರ್ತಿ ಕರಗಿಲ್ಲ. ಒಡೆದು ಒಳಗಿಂದ ಒಣ ಪುಡಿ ಬಂದ್ರೆ ಅದು ಕೊಕೊ ಗಂಟು. ರಬ್ಬರಿನ ತರ ಹಿಸುಕಿದ್ರೂ ಒಡೀದೆ ಇದ್ರೆ ಹಾಲು ಒಡೆದಿದೆ. ತೆಳ್ಳಗೆ ಹಾಳೆ ತರ ಇದ್ದು ನಾಲಿಗೆಗೆ ಕಹಿ ಅಂದ್ರೆ ತಳದಿಂದ ಎದ್ದು ಬಂದಿರೋ ಸೀಕು. ಕಣ್ಣಿಗೆ ನಾಲ್ಕೂ ಒಂದೇ ತರ ಕಾಣ್ಸತ್ತೆ, ಔಷಧಿ ಮಾತ್ರ ನಾಲ್ಕಕ್ಕೂ ಬೇರೆ ಬೇರೆ.

ತಳ ಹಿಡಿದಿದ್ರೆ

ಇದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ ಯಾಕಂದ್ರೆ ಹೆಚ್ಚು ಜನಕ್ಕೆ ಆಗೋದು ಇದೇ.

ಸೀದಿರೋ ಜಾಗ ಎಲ್ಲಿದೆ ನೋಡಿ. ಹಾಲಿನ ಮಟ್ಟದ ಸುತ್ತ ಪಿಂಗಾಣಿ ಗೋಡೆಗೆ ಕಂದು ಬಳೆ ತರ ಕಟ್ಟಿದ್ರೆ ಒಂದು ಕಾರಣ, ತಳದ ಮಧ್ಯೆ ತೇಪೆ ತರ ಹಿಡಿದಿದ್ರೆ ಇನ್ನೊಂದು ಕಾರಣ. ಬಹಳಷ್ಟು ಸ್ಲೋ ಕುಕ್ಕರ್‌ಗಳಲ್ಲಿ ಕಾಯೋ ತಂತಿ ತಳದಲ್ಲಲ್ಲ, ಸುತ್ತಲೂ ಗೋಡೇಲಿ ಸುತ್ತಿರತ್ತೆ. ಪಾತ್ರೆ ಅರ್ಧದಿಂದ ಮುಕ್ಕಾಲಿನ ಒಳಗೆ ತುಂಬಿದ್ರೆ ಆ ಬಿಸಿ ಎಲ್ಲಾ ಹಾಲಿಗೆ ಹೋಗತ್ತೆ, ನನ್ನ ತರ ಮೂರನೇ ಒಂದು ಭಾಗ ಹಾಕಿದ್ರೆ ಖಾಲಿ ಗೋಡೆ ಕಾದು, ಅಂಚಲ್ಲಿರೋ ಹಾಲು ಆರಿ, ಅಲ್ಲೇ ಬಳೆ ಕಟ್ಟತ್ತೆ. ಹಾಗಾಗಿ ಬಳೆ ಕಂಡ್ರೆ ಪಾತ್ರೆ ದೊಡ್ಡದಾಯ್ತು ಇಲ್ಲಾ ಹೈ ಜಾಸ್ತಿ ಹೊತ್ತಾಯ್ತು ಅಂತ ಅರ್ಥ. ಮಧ್ಯೆ ತೇಪೆ ಆದ್ರೆ ಅದು ಚಾಕ್ಲೇಟ್ ಚಿಪ್ಸ್ ಕೆಲಸ. ತಣ್ಣನೆ ಹಾಲಿಗೆ ಚಾಕ್ಲೇಟ್ ಹಾಕಿದ್ರೆ ಕಲ್ಲಿನ ತರ ಮುಳುಗಿ ತಳ ಸೇರತ್ತೆ, ಚಾಕ್ಲೇಟಿನ ಜಿಡ್ಡು, ಅಂದ್ರೆ ಕೊಕೊ ಬೆಣ್ಣೆ, 34-35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕರಗಿಬಿಡೋದ್ರಿಂದ ಹಾಲು ಬಿಸಿಯಾಗೋ ಮೊದ್ಲೇ ಅದು ಕರಗಿ ಹರಡಿ ಕೂರತ್ತೆ, ಯಾರೂ ಕಲಕೋರಿಲ್ಲ, ಸಕ್ಕರೆ ಇದೆ ಹಾಲಿನ ಪ್ರೋಟೀನ್ ಇದೆ, ಹಿಡ್ಕೊಳಕ್ಕೆ ಇನ್ನೇನ್ ಬೇಕು.

ಇನ್ನೊಂದು ದೊಡ್ಡ ತಪ್ಪು ತಿಳುವಳಿಕೆ ಇದೆ, ಲೋನಲ್ಲಿ ಇಟ್ರೆ ಎಷ್ಟೊತ್ತು ಬೇಕಾದ್ರೂ ಬಿಡಬಹುದು ಅಂತ. ಇಲ್ಲ. ಹೈ, ಲೋ ಎರಡೂ ಕೊನೆಗೆ ಹೆಚ್ಚುಕಮ್ಮಿ ಒಂದೇ ಬಿಸಿಗೆ, ಕುದಿಯೋಕೆ ಸ್ವಲ್ಪ ಕೆಳಗೆ, ಹೋಗಿ ಮುಟ್ಟೋದು. ಹೈ ಬೇಗ ಮುಟ್ಟತ್ತೆ, ಲೋ ನಿಧಾನಕ್ಕೆ ಮುಟ್ಟತ್ತೆ, ಅಷ್ಟೇ ವ್ಯತ್ಯಾಸ. ನಾಲ್ಕು ಗಂಟೆ ಲೋನಲ್ಲಿ ಮರೆತ್ರೆ ಹೈನಲ್ಲಿ ಎರಡು ಗಂಟೆ ಮರೆತಷ್ಟೇ ಕತೆ. ಬಿಸಿ ಆದ್ಮೇಲೆ ವಾರ್ಮ್‌ಗೆ ತಿರುಗಿಸ್ಲೇಬೇಕು, ಅದೂ ನೆನಪಿಟ್ಕೊಂಡು. ಫೋನಲ್ಲಿ ಅಲಾರಂ ಇಡಿ, ನನ್ಗಂತೂ ನೆನಪಿನ ಮೇಲೆ ನಂಬಿಕೆ ಹೋಗಿದೆ.

ಈಗ ಸೀದೇ ಹೋಗಿದೆ ಅಂದ್ರೆ ಏನ್ ಮಾಡೋದು? ಮೇಲಿನ ಭಾಗ ರುಚಿ ನೋಡಿ. ಸೀದ ವಾಸನೆ ಇನ್ನೂ ಏರಿಲ್ಲ ಅಂದ್ರೆ ಪಾತ್ರೆ ಅಲ್ಲಾಡಿಸ್ದೆ ದೊಡ್ಡ ಸೌಟಲ್ಲಿ ಮೇಲಿಂದ ಮೇಲಿಂದ ಬೇರೆ ಪಾತ್ರೆಗೆ ತೆಗೀರಿ, ಬಗ್ಗಿಸಿ ಸುರೀಬೇಡಿ, ತಳದಲ್ಲಿ ಎರಡು ಬೆರಳಷ್ಟು ಬಿಟ್ಟುಬಿಡಿ. ಸಾರು ತಳ ಹಿಡಿದಾಗ ಮಾಡೋ ಹಾಗೇನೇ. ವಾಸನೆ ಏರಿದ್ರೆ ಮಾತ್ರ ಏಲಕ್ಕಿ ಹಾಕಿ, ಚಕ್ಕೆ ಹಾಕಿ, ವೆನಿಲಾ ಹಾಕಿ, ಏನೂ ಪ್ರಯೋಜನ ಇಲ್ಲ, ಏಲಕ್ಕಿ ವಾಸನೆ ಇರೋ ಸೀದ ಹಾಲು ಸಿಗತ್ತೆ ಅಷ್ಟೇ. ನಾನು ಮಾಡಿ ನೋಡಿದೀನಿ. ಚೆಲ್ಲಿ.

ಮುಂದಿನ ಸಲಕ್ಕೆ ಎರಡು ವಿಷಯ. ಅತ್ತೆ ಹಾಲು ಕಾಯಿಸೋ ಪಾತ್ರೆಗೆ ಮೊದ್ಲು ಒಂದು ಲೋಟ ನೀರು ಹಾಕಿ ಸುತ್ತಾ ಆಡಿಸಿ ಚೆಲ್ಲಿ, ಆ ಒದ್ದೆ ಪಾತ್ರೆಗೇ ಹಾಲು ಸುರೀತಾರೆ, ನಮ್ಮಲ್ಲಿ ಎಲ್ಲರ ಮನೇಲೂ ಮಾಡೋದೇ ಇದು. ಪಿಂಗಾಣಿ ಪಾತ್ರೆಗೂ ಅದೇ ಮಾಡಿ. ಎರಡನೇದು, ಹಾಲು ಬಿಸಿಯಾಗಿ ಹಬೆ ಆಡೋ ತನಕ ಚಾಕ್ಲೇಟ್ ಒಳಗೆ ಬಿಡ್ಬೇಡಿ. ಥರ್ಮಾಮೀಟರ್ ಇದ್ರೆ 60-65 ಡಿಗ್ರಿ ಸೆಲ್ಸಿಯಸ್.

ಮರಳು ಮರಳಾಗಿದ್ರೆ

ಬೆರಳು ಪರೀಕ್ಷೇಲಿ ಕೊಕೊ ಗಂಟು ಅಂತ ಬಂತಾ? ಹಾಸನದ ಕಡೆ ನಮ್ಮಮ್ಮ ರಾಗಿ ಅಂಬ್ಲಿ ಮಾಡುವಾಗ ಕುದಿಯೋ ನೀರಿಗೆ ಹಿಟ್ಟು ಉದುರಿಸಿದ್ದು ನಾನು ಜನ್ಮದಲ್ಲಿ ನೋಡಿಲ್ಲ. ಒಂದು ಬಟ್ಲಲ್ಲಿ ತಣ್ಣೀರಿಗೆ ಹಿಟ್ಟು ಹಾಕಿ ಬೆರಳಲ್ಲೇ ಗಂಟಿಲ್ದೆ ಕದಡಿ ಆಮೇಲೆ ಸುರಿಯೋದು. ಅದನ್ನ ನೋಡ್ಕೊಂಡು ಬೆಳೆದ ನಾನು ಕೊಕೊ ಪುಡೀನ ನೇರ ಹಾಲಿನ ಮೇಲೆ ಉದುರಿಸಿದ್ದೆ ನೋಡಿ, ಅಮೆರಿಕಾ ಪ್ಯಾಕೆಟ್ಟಲ್ಲಿ ಬಂದ್ರೆ ಬುದ್ಧಿ ಎಲ್ಲಿ ಹೋಗತ್ತೋ. ಕೊಕೊದಲ್ಲಿ ಕೊಬ್ಬಿದೆ, ಪಿಷ್ಟಾನೂ ಇದೆ, ಕೊಬ್ಬು ನೀರನ್ನ ಒಳಗೆ ಬಿಡಲ್ಲ, ಬಿಸಿ ತಾಗಿದ ಹೊರಗಿನ ಪದರ ಮಾತ್ರ ಉಬ್ಬಿ ಅಂಟಾಗಿ ಮುಚ್ಕೊಳತ್ತೆ, ಒಳಗೆ ಪುಡಿ ಪುಡೀನೇ ಉಳಿಯತ್ತೆ. ಹಾಗಾಗಿ ಕೊಕೊ ಮತ್ತೆ ಸಕ್ಕರೆ ಮೊದ್ಲು ಒಣದಾಗೇ ಬೆರೆಸಿ, ಅರ್ಧ ಲೋಟ ಉಗುರುಬೆಚ್ಚಗಿನ ಹಾಲು ಸ್ವಲ್ಪ ಸ್ವಲ್ಪ ಹಾಕ್ತಾ ದೋಸೆ ಹಿಟ್ಟಿನ ಹದಕ್ಕೆ ಕಲೆಸಿ, ಆಮೇಲೆ ಪಾತ್ರೆಗೆ ಹಾಕಿ. ಈಗಾಗ್ಲೇ ಗಂಟು ಕಟ್ಟಿದ್ರೆ ಟೀ ಸೋಸೋ ಜರಡೀಲಿ ಸೋಸಿ, ಸಿಕ್ಕ ಗಂಟನ್ನ ಚಮಚದಲ್ಲಿ ಜರಡಿಗೆ ಒತ್ತಿ ತಿಕ್ಕಿದ್ರೆ ಮುಕ್ಕಾಲು ಪಾಲು ಕೆಳಗಿಳಿಯತ್ತೆ.

ಚಾಕ್ಲೇಟ್ ಕರಗದ ಕಣ ಅಂತಾದ್ರೆ ಚಿಂತೆ ಬೇಡ, ಸುಲಭ. ಬಿಸಿ ಸಾಲದು ಇಲ್ಲಾ ಕಲಕಿದ್ದು ಸಾಲದು. ಸ್ಟಿಕ್ ಬ್ಲೆಂಡರ್ ಇದ್ರೆ ಕುಕ್ಕರ್ ಆಫ್ ಮಾಡಿ ಅರ್ಧ ನಿಮಿಷ ಆಡಿಸಿ, ರೇಷ್ಮೆ ತರ ಆಗತ್ತೆ. ಬ್ಲೆಂಡರ್ ಪೂರ್ತಿ ಮುಳುಗಿದ್ಮೇಲೇ ಬಟನ್ ಒತ್ತಿ, ನಮ್ಮನೆ ಗೋಡೇಲಿ ಇನ್ನೂ ಕಲೆ ಇದೆ. ಬ್ಲೆಂಡರ್ ಇಲ್ವಾ, ಕಡಗೋಲು ಇದ್ಯಾ? ನಿಜವಾಗ್ಲೂ ಹೇಳ್ತಿದೀನಿ, ಮೆಕ್ಸಿಕೋದಲ್ಲಿ ಬಿಸಿ ಚಾಕ್ಲೇಟ್ ನೊರೆ ಬರ್ಸಕ್ಕೆ ಮೊಲಿನಿಯೋ ಅಂತ ಮರದ್ದೊಂದು ಉಪಯೋಗ್ಸ್ತಾರೆ, ಎರಡು ಅಂಗೈ ಮಧ್ಯೆ ಇಟ್ಟು ಉಜ್ಜಿ ತಿರುಗ್ಸೋದು, ನೋಡಿದ್ರೆ ನಮ್ಮ ಕಡಗೋಲಿನ ಅಣ್ಣನೋ ತಮ್ಮನೋ ಅನ್ಸತ್ತೆ.

ಚಿಪ್ಸ್ ಬಗ್ಗೆ ಒಂದು ಮಾತು. ಅವನ್ನ ಮಾಡಿರೋದೇ ಕುಕೀ ಒಳಗೆ ಆಕಾರ ಬಿಡದೆ ಇರ್ಲಿ ಅಂತ, ಕೊಕೊ ಬೆಣ್ಣೆ ಕಮ್ಮಿ ಇರತ್ತೆ, ಹಾಗಾಗಿ ಹಠ ಮಾಡ್ತಾವೆ. ಬಾರ್ ತಗೊಂಡು ಚಾಕುವಿನಲ್ಲಿ ಸಣ್ಣಗೆ ಕೊಚ್ಚಿ. ಭಾರತದಲ್ಲಿರೋರು ಕೇಕ್ ಸಾಮಾನಿನ ಅಂಗಡೀಲಿ ಸಿಗೋ ಕಾಂಪೌಂಡ್ ಸ್ಲ್ಯಾಬ್ ಹಾಕ್ಬೇಡಿ, ಅದರಲ್ಲಿ ಕೊಕೊ ಬೆಣ್ಣೆ ಬದ್ಲು ಬೇರೆ ವನಸ್ಪತಿ ಕೊಬ್ಬಿರತ್ತೆ, ಕರಗೋದೇನೋ ಚೆನ್ನಾಗಿ ಕರಗತ್ತೆ ಆದ್ರೆ ಕುಡಿದ್ಮೇಲೆ ಅಂಗುಳಲ್ಲಿ ಮೇಣ ಮೆತ್ತಿದ ಹಾಗೆ. ಬಾರ್ ಮೇಲೆ ಬಿಳಿ ಬಿಳಿ ಬೂದಿ ತರ ಕಂಡ್ರೆ ಬೂಷ್ಟು ಅಂತ ಬಿಸಾಕ್ಬೇಡಿ, ಬಿಸಿಲಿಗೆ ಕೊಕೊ ಬೆಣ್ಣೆ ಮೇಲೆ ಬಂದು ಗಟ್ಟಿಯಾಗಿರೋದು, ಹಾಲಲ್ಲಿ ಕರಗಿದ್ಮೇಲೆ ಗುರುತೇ ಇರಲ್ಲ.

ರಬ್ಬರ್ ಕಾಳು ಬಂತಾ, ಅಂದ್ರೆ ಹಾಲು ಒಡೆದಿದೆ. ಇದಕ್ಕೆ ರಿಪೇರಿ ಇಲ್ಲ, ಬ್ಲೆಂಡರ್ ಆಡಿಸಿದ್ರೆ ಸಣ್ಣ ಕಾಳಾಗತ್ತೆ ಅಷ್ಟೇ, ಮನೇವ್ರಿಗೆ ಕೊಡಬಹುದು, ನೆಂಟರಿಗೆ ಬೇಡ. ಕಾರಣ ಮಾತ್ರ ಹುಡುಕಿ. ಹಾಲಿಗೆ ಹುಳಿ ಎಲ್ಲಿಂದ ಬಂತು? ಹಾಲು ತಣ್ಣಗಿದ್ದಾಗ ಒಡೆಯಕ್ಕೆ ಸಾಕಷ್ಟು ಹುಳಿ ಬೇಕು, ಕುದಿ ಹತ್ರ ಗಂಟೆಗಟ್ಲೆ ಇದ್ದಾಗ ಅಷ್ಟೆಲ್ಲಾ ಬೇಕಾಗಿಲ್ಲ, ಸಣ್ಣದೊಂದು ನೆಪ ಸಾಕು. ಹೆಲ್ದಿ ಇರ್ಲಿ ಅಂತ ಸಕ್ಕರೆ ಬದ್ಲು ಬೆಲ್ಲ ಹಾಕಿದ್ರಾ? ಪಾಯಸಕ್ಕೆ ಬೆಲ್ಲ ಹಾಕಿದ್ಮೇಲೆ ಸ್ವಲ್ಪ ಆರಲಿ, ಆಮೇಲೆ ಹಾಲು ಹಾಕು ಅಂತ ಅಮ್ಮಂದಿರು ಬಡ್ಕೊಳೋದು ಯಾಕೆ ಮತ್ತೆ. ಕಿತ್ತಳೆ ಸಿಪ್ಪೆ ಜೊತೆ ರಸಾನೂ ಹಿಂಡಿದ್ರಾ? ಮೋಕಾ ಮಾಡ್ತೀನಿ ಅಂತ ಡಿಕಾಕ್ಷನ್ ಸುರಿದ್ರಾ? ಹಾಲಿನ ಡೇಟು ನೋಡಿದ್ರಾ? ಕೊಬ್ಬಿಲ್ಲದ ಸ್ಕಿಮ್ ಹಾಲಾ? ಹಾಲಿನ ಜಿಡ್ಡು ಸ್ವಲ್ಪ ಮಟ್ಟಿಗೆ ಕಾಪಾಡತ್ತೆ, ಸ್ಕಿಮ್‌ಗೆ ಆ ರಕ್ಷಣೆ ಇಲ್ಲ. ಅಮೆರಿಕಾದಲ್ಲಿ ಹೋಲ್ ಮಿಲ್ಕ್ ಅಂದ್ರೆ ಕಮ್ಮಿ ಅಂದ್ರೂ 3.25 ಪರ್ಸೆಂಟ್ ಕೊಬ್ಬು, ಅದೇ ತಗೊಳಿ. ಊರಲ್ಲಿ ಆದ್ರೆ ಟೋನ್ಡ್ 3 ಪರ್ಸೆಂಟ್, ಫುಲ್ ಕ್ರೀಮ್ 6 ಪರ್ಸೆಂಟ್. ಫುಲ್ ಕ್ರೀಮ್ ಹಾಕಿದ್ರೆ ಬೇರೆ ಕ್ರೀಮ್ ಅರ್ಧ ಸಾಕು.

ಕೊಕೊ ಯಾವ್ದು ಅನ್ನೋದೂ ಇಲ್ಲಿ ಲೆಕ್ಕಕ್ಕೆ ಬರತ್ತೆ. ನ್ಯಾಚುರಲ್ ಕೊಕೊ ಸ್ವಲ್ಪ ಹುಳಿ ಸ್ವಭಾವದ್ದು, ಡಚ್ ಕೊಕೊ ಅಂದ್ರೆ ಕ್ಷಾರ ಸೇರಿಸಿ ಆ ಹುಳಿ ತೆಗೆದಿರೋದು, ಬಣ್ಣಾನೂ ಗಾಢ. ಹಾಲೆಂಡಿನ ವಾನ್ ಹೌಟೆನ್ ಮನೆತನದವರದ್ದು ಈ ವಿದ್ಯೆ, 1828ರಲ್ಲಿ ಅಪ್ಪ ಬೀಜ ಒತ್ತಿ ಬೆಣ್ಣೆ ಬೇರೆ ಮಾಡೋ ಯಂತ್ರಕ್ಕೆ ಪೇಟೆಂಟ್ ತಗೊಂಡ್ರು, ಮಗ ಕ್ಷಾರದ ಉಪಾಯ ತಂದ್ರು. ಡಬ್ಬಿ ಹಿಂದೆ ಪ್ರೊಸೆಸ್ಡ್ ವಿತ್ ಆಲ್ಕಲಿ ಅಂತಿದ್ರೆ ಡಚ್. ನ್ಯಾಚುರಲ್ ಒಂದೇ ಒಳ್ಳೇ ಹಾಲನ್ನ ಒಡೆಯಲ್ಲ, ಆದ್ರೆ ಬೆಲ್ಲ, ಕಾಫಿ ಜೊತೆ ಸೇರಿದ್ರೆ ಅದೂ ಒಂದು ಕೈ ಹಾಕತ್ತೆ. ಸ್ಲೋ ಕುಕ್ಕರಿಗೆ ನಾನು ಡಚ್ಚೇ ಹಾಕೋದು.

ನಮ್ಮನೆಯವರಿಗೆ ಈ ಕೊಕೊ ವಿಷಯ ಎತ್ತಿದ್ರೆ ಸಾಕು ಊರಿಗೆ ಹೋಗಿಬಿಡ್ತಾರೆ. ಅವರ ಅಡಿಕೆ ತೋಟದ ಮಧ್ಯೆ ಕೊಕ್ಕೋ ಗಿಡ ಇತ್ತಂತೆ, ಅವರು ಕೊಕ್ಕೋ ಅಂತ್ಲೇ ಅನ್ನೋದು, ಹಣ್ಣು ಕಲ್ಲಿಗೆ ಕುಟ್ಟಿ ಒಡೆದು ಒಳಗಿನ ಬಿಳೀ ಲೋಳೆ ಚೀಪಿ ಬೀಜ ಉಗಿಯೋದು, ಕಚ್ಚಿದ್ರೆ ಕಹಿ. ಆ ಬೀಜಕ್ಕೂ ಕುಡಿಯೋ ಚಾಕ್ಲೇಟಿಗೂ ಸಂಬಂಧ ಇದೆ ಅಂತ ಗೊತ್ತಾಗಿದ್ದೇ ಎಷ್ಟೋ ವರ್ಷ ಆದ್ಮೇಲಂತೆ. 1973ರಲ್ಲಿ ಶುರುವಾದ ಕ್ಯಾಂಪ್ಕೊ ಬೆಳೆಗಾರರ ಸಹಕಾರಿ, 1986ರಲ್ಲಿ ಪುತ್ತೂರಲ್ಲೇ ಚಾಕ್ಲೇಟ್ ಫ್ಯಾಕ್ಟರಿ ಹಾಕ್ತು, ಅಲ್ಲಿಯವರಿಗೆ ಅದು ದೊಡ್ಡ ಆಸರೆ. ಅತ್ತೆ ಮಾತ್ರ ಅಷ್ಟು ವರ್ಷ ಕೊಕ್ಕೋ ಬೆಳೆದೂ ಚಾಕ್ಲೇಟ್ ಮುಟ್ಟಲ್ಲ, ಕಾಫಿ ಆದ್ರೆ ಎರಡು ಲೋಟ.

ಮೇಲೆ ಎಣ್ಣೆ ತೇಲಿದ್ರೆ

ಇದು ನೋಡಕ್ಕೆ ಭಯ ಆಗತ್ತೆ, ಆದ್ರೆ ಉಳಿಸೋಕಾಗೋ ಕಾಯಿಲೆ. ಹಾಲು, ಕ್ರೀಮು, ಚಾಕ್ಲೇಟಿನ ಜಿಡ್ಡು ಎಲ್ಲಾ ಹಾಲಿನ ನೀರಿನ ಜೊತೆ ಬೆರೆತಿರೋದು ಒಂದು ಹದದಲ್ಲಿ, ಬಿಸಿ ಜಾಸ್ತಿ ಆಗಿ ಹೊತ್ತೂ ಜಾಸ್ತಿ ಆದ್ರೆ ಆ ಬೆಸುಗೆ ಬಿಟ್ಟು ಜಿಡ್ಡು ಮೇಲೆ ಬರತ್ತೆ. ಸೌಟಲ್ಲಿ ಎಣ್ಣೆ ತೆಗೆದು ಚೆಲ್ಬೇಡಿ, ರುಚಿ ಇರೋದೇ ಅದರಲ್ಲಿ. ಆಫ್ ಮಾಡಿ ಹತ್ತು ನಿಮಿಷ ಮುಚ್ಚಳ ತೆಗೆದು ಬಿಡಿ, ಆಮೇಲೆ ಬೆಚ್ಚಗಿನ ಹಾಲು ಒಂದು ಲೋಟ ಹಾಕಿ ಜೋರಾಗಿ ಕಡೀರಿ. ಮತ್ತೆ ಬಿಟ್ಕೊಳತ್ತೆ ಅನ್ಸಿದ್ರೆ ಒಂದು ಟೇಬಲ್ ಚಮಚ ಕಾರ್ನ್ ಫ್ಲೋರ್ ತಣ್ಣನೆ ಹಾಲಲ್ಲಿ ಕದಡಿ ಹಾಕಿ ಹತ್ತು ಹದಿನೈದು ನಿಮಿಷ ಲೋನಲ್ಲಿ ಬಿಡಿ, ಪಿಷ್ಟ ಹಿಡ್ಕೊಳತ್ತೆ. ಮೋಸ ಅಂದ್ಕೊಬೇಡಿ, ಇಟಲಿಯವರ ಗಟ್ಟಿ ಚಾಕ್ಲೇಟಿಗೂ ಪಿಷ್ಟ ಬೀಳತ್ತೆ.

ತೆಂಗಿನ ಹಾಲಲ್ಲಿ ಮಾಡಿದ್ರೆ ಎಣ್ಣೆ ಬಿಡೋದು ಅದರ ಗುಣ, ಕೊನೇ ಅರ್ಧ ಗಂಟೇಲಿ ಹಾಕಿ. ಓಟ್ ಹಾಲು ಎಣ್ಣೆ ಬಿಡಲ್ಲ, ಲೋಳೆ ಆಗತ್ತೆ.

ನೀರು ನೀರಾಗಿದ್ರೆ, ಇಲ್ಲಾ ತೀರಾ ಗಟ್ಟಿ ಆದ್ರೆ

ಮುಚ್ಚಳ ತೆಗೆಯುವಾಗ ನೋಡಿ, ಒಳಗಡೆ ಹನಿ ಹನಿ ನೀರು ಕಟ್ಟಿರತ್ತೆ, ಅದೆಲ್ಲಾ ವಾಪಸ್ ಪಾತ್ರೆಗೇ ಬೀಳತ್ತೆ. ಒಲೆ ಮೇಲೆ ಆಗೋ ಹಾಗೆ ಇಲ್ಲಿ ಬತ್ತೋದಿಲ್ಲ. ಒಲೆಯ ರೆಸಿಪಿಯ ಅಳತೆಯನ್ನೇ ಇಲ್ಲಿ ಹಾಕಿದ್ರೆ ನೀರಾಗೋದು ಅದಕ್ಕೇ. ಗಟ್ಟಿ ಬೇಕಂದ್ರೆ ಕುದಿಸೋ ದಾರಿ ಬಿಟ್ಟು ಮೊದ್ಲೇ ಚಾಕ್ಲೇಟು, ಕಂಡೆನ್ಸ್ಡ್ ಮಿಲ್ಕು ಸರಿಯಾಗಿ ಹಾಕ್ಬೇಕು. ಆದ್ರೆ ಬಿಸಿಬಿಸಿ ಇದ್ದಾಗ ತೆಳ್ಳಗಿದೆ ಅಂತ ತೀರ್ಪು ಕೊಡ್ಬೇಡಿ, ಒಂದು ಕಪ್ಪಲ್ಲಿ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಗಟ್ಟಿ ಆಗಿದ್ರೆ ಬಿಸಿ ಹಾಲು ಸೇರ್ಸಿ, ನೀರಲ್ಲ.

ಕೆನೆ ಕಟ್ಟೋದು ದೋಷಾನೇ ಅಲ್ಲ ಅಂತ ನನ್ನ ವಾದ. ಇಲ್ಲಿ ಹುಟ್ಟಿದ ನಮ್ಮ ಮಗಳಿಗೆ ಅದು ಕಂಡ್ರೆ ವಾಕರಿಕೆ, ನಾನು ಅತ್ತೆ ಇಬ್ರೂ ಚಮಚ ಹಿಡ್ಕೊಂಡು ಕಾಯ್ತಿರ್ತೀವಿ. ಬೇಡ ಅಂದ್ರೆ ಇಪ್ಪತ್ತು ನಿಮಿಷಕ್ಕೊಂದು ಸಲ ಕೈಯಾಡಿಸಿ.

ರುಚಿ ಸಪ್ಪೆ ಅನ್ಸಿದ್ರೆ ಸಕ್ಕರೆ ಡಬ್ಬಿಗೆ ಕೈ ಹಾಕೋ ಮೊದ್ಲು ಚಿಟಿಕೆ ಉಪ್ಪು ಹಾಕಿ ನೋಡಿ. ತೀರಾ ಸಿಹಿ ಆಗಿದ್ರೆ ಬಹುಶಃ ಕೊಕೊ ಅಂದ್ಕೊಂಡು ಡ್ರಿಂಕಿಂಗ್ ಚಾಕ್ಲೇಟ್ ಪುಡಿ ಹಾಕಿರ್ತೀರಿ, ಅದರಲ್ಲಿ ಸಕ್ಕರೇನೇ ಜಾಸ್ತಿ. ಸಿಹಿ ಇಲ್ಲದ ಕೊಕೊ ಇನ್ನೆರಡು ಚಮಚ ಕಲೆಸಿ ಹಾಕಿ.

ಬಿಸೀನೇ ಆಗ್ತಿಲ್ಲ ಅಂದ್ರೆ

ನಗ್ಬೇಡಿ, ಮೊದ್ಲು ಪ್ಲಗ್ ನೋಡಿ. ಆಮೇಲೆ ನಾಬ್ ನೋಡಿ, ವಾರ್ಮ್‌ನಲ್ಲಿ ಇಟ್ಟಿರ್ತೀರಿ. ವಾರ್ಮ್ ಇರೋದು ಬಿಸಿ ಆಗಿರೋದನ್ನ ಬಿಸಿ ಇಡಕ್ಕೆ, ತಣ್ಣನೆ ಹಾಲು ಕಾಯಿಸಕ್ಕಲ್ಲ. ಇದು ರುಚಿ ವಿಷಯ ಮಾತ್ರ ಅಲ್ಲ, ಹಾಲಿನ ಪದಾರ್ಥ 4 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಅಂತ ಇಲ್ಲಿ ಆಹಾರ ಸುರಕ್ಷತೆಯವರು ಹೇಳೋದು. ಬೆಳಿಗ್ಗೆ ವಾರ್ಮ್‌ನಲ್ಲಿ ಇಟ್ಟು ಸಂಜೆ ಉಗುರುಬೆಚ್ಚಗೆ ಸಿಕ್ರೆ ರುಚೀನೂ ನೋಡ್ಬೇಡಿ, ಚೆಲ್ಲಿ.

ಕುಕ್ಕರ್ ಮೇಲೇ ಅನುಮಾನ ಇದ್ರೆ ಒಂದು ಪರೀಕ್ಷೆ ಇದೆ. ಅರ್ಧದಿಂದ ಮುಕ್ಕಾಲಿನ ಒಳಗೆ ನಲ್ಲಿ ನೀರು ತುಂಬಿ, ಮುಚ್ಚಿ, ಲೋನಲ್ಲಿ 8 ಗಂಟೆ ಬಿಡಿ, ಮುಚ್ಚಳ ತೆಗೆದ ತಕ್ಷಣ ಥರ್ಮಾಮೀಟರ್ ಅದ್ದಿ. 85 ರಿಂದ 93 ಡಿಗ್ರಿ ಸೆಲ್ಸಿಯಸ್, ಅಂದ್ರೆ 185 ರಿಂದ 200 ಫ್ಯಾರನ್‌ಹೀಟ್ ಬಂದ್ರೆ ಸರಿ ಇದೆ. ಕಮ್ಮಿ ಇದ್ರೆ ಆ ಕುಕ್ಕರ್ ಅಡುಗೆಗೇ ಬೇಡ. ಜಾಸ್ತಿ ಇದ್ರೆ ಬೇಳೆ ಬೇಯಿಸಿ, ಹಾಲಿಗೆ ಬೇಡ. ನಂದು ಜಾಸ್ತೀನೇ ಬಂತು, ಅಲ್ಲಿಗೆ ಹೈ ಅನ್ನೋ ಪದ ಹಾಲಿನ ವಿಷಯದಲ್ಲಿ ನಮ್ಮನೇಲಿ ಬಂದ್!

ಊರಿಗೆ ತಗೊಂಡು ಹೋಗೋರಿಗೆ: ಅಮೆರಿಕಾದ್ದು 120 ವೋಲ್ಟ್, ನಮ್ಮಲ್ಲಿ 230. ಪಿನ್ ಬದಲಾಯಿಸೋ ಅಡಾಪ್ಟರ್ ವೋಲ್ಟೇಜ್ ಬದಲಾಯಿಸಲ್ಲ. ವೋಲ್ಟೇಜ್ ಹತ್ತಿರತ್ತಿರ ಎರಡು ಪಟ್ಟಾದ್ರೆ ತಂತಿ ಕಾಯೋದು ಹತ್ತಿರತ್ತಿರ ನಾಲ್ಕು ಪಟ್ಟು. ನಮ್ಮ ಪರಿಚಯದವರೊಬ್ರು ಬೆಂಗಳೂರಲ್ಲಿ ಹೀಗೆ ಚುಚ್ಚಿ ಚಾಕ್ಲೇಟ್ ಕುಡಿಯೋದಿರ್ಲಿ ಎರಡು ನಿಮಿಷಕ್ಕೆ ವಾಸನೆ ಕುಡಿದ್ರು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹೊತ್ಕೊಂಡು ಹೋಗೋ ಬದ್ಲು ಅಲ್ಲಿ ದಪ್ಪ ತಳದ ಪಾತ್ರೇಲಿ ಸಣ್ಣ ಉರೀಲಿ ಮಾಡಿ.

ಈಗ ನಾನು ಹೇಗೆ ಮಾಡ್ತೀನಿ

4 ಕ್ವಾರ್ಟ್ ಕುಕ್ಕರ್, ಹೋಲ್ ಮಿಲ್ಕ್ ಒಂದೂವರೆ ಲೀಟರ್, ಹೆವಿ ಕ್ರೀಮ್ 250 ಎಂ.ಎಲ್., ಕಂಡೆನ್ಸ್ಡ್ ಮಿಲ್ಕ್ 397 ಗ್ರಾಂ ಡಬ್ಬಿ ಒಂದು, ಡಾರ್ಕ್ ಚಾಕ್ಲೇಟ್ 250 ಗ್ರಾಂ ಸಣ್ಣಗೆ ಕೊಚ್ಚಿದ್ದು, ಡಚ್ ಕೊಕೊ 40 ಗ್ರಾಂ, ಉಪ್ಪು ಕಾಲು ಚಮಚ. ಪಾತ್ರೆ ಒದ್ದೆ ಮಾಡಿ ಹಾಲು, ಕಂಡೆನ್ಸ್ಡ್ ಮಿಲ್ಕ್, ಕಲೆಸಿದ ಕೊಕೊ ಹಾಕಿ ಲೋನಲ್ಲಿ ಇಡ್ತೀನಿ, ಅರ್ಧ ಗಂಟೆಗೊಂದು ಸಲ ತಳ ಮುಟ್ಟಿ ಕಲಕ್ತೀನಿ. ಹೆಚ್ಚುಕಮ್ಮಿ ಎರಡು ಗಂಟೆಗೆ ಹಬೆ ಆಡತ್ತೆ. ಆಗ ಒಲೆ ಮೇಲೆ ಕ್ರೀಮ್ ಬಿಸಿ ಮಾಡಿ, ಕುದಿಸ್ದೆ, ಕೊಚ್ಚಿದ ಚಾಕ್ಲೇಟ್ ಮೇಲೆ ಸುರಿದು ಮೂರು ನಿಮಿಷ ಕೈ ಹಚ್ಚದೆ ಬಿಟ್ಟು ಮಧ್ಯದಿಂದ ಕಲಕ್ತಾ ಬಂದ್ರೆ ಹೊಳಪಾಗಿ ಒಂದಾಗತ್ತೆ. ಇಲ್ಲಿ ಒಂದು ಎಚ್ಚರಿಕೆ, ಬರೀ ಚಾಕ್ಲೇಟನ್ನ ಬೇರೆಯಾಗಿ ಕರಗಿಸ್ತಿದ್ದು ಅದಕ್ಕೆ ನಾಲ್ಕು ಹನಿ ನೀರು ಬಿದ್ರೆ ಉಂಡೆಯಾಗಿ ಬಿಗಿಯತ್ತೆ, ಆಗ ಗಾಬರಿಯಾಗಿ ಬಿಸಾಕ್ಬೇಡಿ, ಎರಡೆರಡೇ ಚಮಚ ಬಿಸಿ ಕ್ರೀಮ್ ಹಾಕ್ತಾ ಹೋಗಿ, ವಾಪಸ್ ಬರತ್ತೆ, ನಾಲ್ಕು ಹನಿ ನೀರು ಕೆಡಿಸಿದ್ದನ್ನ ನಾಲ್ಕು ಚಮಚ ಸರಿ ಮಾಡತ್ತೆ. ಈ ಮಿಶ್ರಣ ಪಾತ್ರೆಗೆ ಸೇರಿಸಿ, ಉಪ್ಪು, ಎರಡು ಚಮಚ ವೆನಿಲಾ, ವಾರ್ಮ್‌ಗೆ ತಿರುಗ್ಸಿದ್ರೆ ಮುಗೀತು. 200 ಎಂ.ಎಲ್. ಕಪ್ಪಲ್ಲಿ ಸುಮಾರು ಹನ್ನೊಂದು ಜನಕ್ಕೆ ಬರತ್ತೆ, ಇಷ್ಟು ಗಟ್ಟಿ ಇದ್ರೆ ಅರ್ಧ ಕಪ್ಪೇ ಸಾಕು ಅಂತಾರೆ, ಆಮೇಲೆ ಮತ್ತೆ ಬರ್ತಾರೆ.

ಮೂವತ್ತು ಜನಕ್ಕೆ ಅಂತ ಒಂದೇ ಪಾತ್ರೆ ಕಂಠಮಟ್ಟ ತುಂಬ್ಸಕ್ಕೆ ಹೋಗ್ಬೇಡಿ. ಪಾಟ್‌ಲಕ್ ದಿನ ನಾನು ಪಕ್ಕದ ಮನೆಯವರ ಕುಕ್ಕರ್ ಸಾಲ ತಂದು ಎರಡರಲ್ಲಿ ಮಾಡಿದೆ. ಕಾರಲ್ಲಿ ಮುಚ್ಚಳಕ್ಕೆ ಟೇಪ್ ಹಾಕಿ ಕಾಲ ಮಧ್ಯೆ ಇಟ್ಕೊಂಡು ಹೋಗಿದ್ದು ಬೇರೆ ಕತೆ. ವಾರ್ಮ್‌ನಲ್ಲೂ ಎರಡು ಗಂಟೆ ದಾಟಿದ್ರೆ ನಿಧಾನಕ್ಕೆ ಗಟ್ಟಿ ಆಗ್ತಾ ಹೋಗತ್ತೆ, ಪಕ್ಕದಲ್ಲಿ ಫ್ಲಾಸ್ಕಲ್ಲಿ ಬಿಸಿ ಹಾಲು ಇಟ್ಕೊಂಡಿರಿ.

ಉಳಿದಿದ್ದು ಫ್ರಿಜ್ಜಲ್ಲಿ ಎರಡು ಮೂರು ದಿನ ಇರತ್ತೆ, ಪುಡ್ಡಿಂಗ್ ತರ ಗಟ್ಟಿ ಆಗತ್ತೆ, ಅದು ಕೆಟ್ಟಿರೋದಲ್ಲ. ಮತ್ತೆ ಬಿಸಿ ಮಾಡೋದು ಒಲೆ ಮೇಲೆ, ಸ್ಲೋ ಕುಕ್ಕರಲ್ಲಿ ಅಲ್ಲ, ಅದು ಬಿಸಿ ಏರೋದ್ರಲ್ಲಿ ಹೊತ್ತು ಕಳೆದು ಹೋಗತ್ತೆ.

ತೊಳೆಯೋದು ಮಾತ್ರ ನಾಳೆಗೆ ಇರ್ಲಿ. ನಮ್ಮನೆಯವರು ಸಹಾಯ ಮಾಡ್ತೀನಿ ಅಂತ ಬಂದು ಇನ್ನೂ ಬಿಸಿ ಇದ್ದ ಪಿಂಗಾಣಿ ಪಾತ್ರೇನ ಸಿಂಕಲ್ಲಿಟ್ಟು ತಣ್ಣೀರು ನಲ್ಲಿ ತಿರುಗ್ಸಿದ್ರು. ಟಿಕ್ ಅಂತ ಒಂದೇ ಸದ್ದು. ಕಣ್ಣಿಗೆ ಏನೂ ಕಾಣ್ಲಿಲ್ಲ, ಮಾರನೇ ದಿನ ನೀರು ತುಂಬಿಟ್ಟು ನೋಡಿದ್ರೆ ಕೌಂಟರ್ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ. ಅತ್ತೆ ಅದಕ್ಕೀಗ ಕೊತ್ತಂಬರಿ ಬೀಜ ಹಾಕಿ ಕಿಟಕಿ ಹತ್ರ ಇಟ್ಟಿದಾರೆ, ನೀರು ಹೋಗಕ್ಕೆ ತೂತು ಬೇರೆ ಮಾಡೋದು ಬೇಕಾಗ್ಲಿಲ್ಲ.